ಬೈಗುಳದ ನೆಂಟ ಮತ್ತು ಹಸಿರು ಸೈಕಲ್

ಟ್ರಿಣ್... ಟ್ರಿಣ್!

ಬೆನ್ನ ಹಿಂದೆ ಬೆಲ್ ಕೇಳಿದ್ದೇ ತಡ, ಅಜೇಟಾಳ ಕಾಲು ನೆಲಕ್ಕೆ ಅಂಟಿಕೊಂಡಿತು. ಓಡಬೇಕು ಅನ್ನಿಸಿತು, ಆಗಲಿಲ್ಲ. ಕೂಗಬೇಕು ಅನ್ನಿಸಿತು, ಗಂಟಲು ಒಣಗಿತ್ತು. ಕಣ್ಣು ಮುಚ್ಚಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತುಬಿಟ್ಟಳು.

ಕಿರ್‍ರ್... ಅಂತ ಟಯರು ಕೆಂಪು ಮಣ್ಣಿನಲ್ಲಿ ಜಾರಿ ನಿಂತಿತು. ಅವಳ ಲಂಗದ ಅಂಚಿಗೆ ಧೂಳು ಹಾರಿತು, ಅಷ್ಟೆ.

"ಏ ತಾಯಿ! ಇದು ಸೈಕಲ್ ಕಣಮ್ಮ, ಚಿರತೆ ಅಲ್ಲ!"

ಅವಳು ಕಣ್ಣು ಬಿಟ್ಟಳು. ಎದುರಿಗೆ ಉದ್ದನೆಯ ಗಂಡಸೊಬ್ಬ, ಹಳೆಯ ಸೈಕಲ್ಲಿನ ಮೇಲೆ ಒಂದು ಕಾಲು ಊರಿ ನಿಂತಿದ್ದ. ಮೊಣಕೈವರೆಗೂ ಗ್ರೀಸು. ಕುದುಗು ಊರಿನ ರೈಲು ಹಳಿಯ ಪಕ್ಕದ ಸೈಕಲ್ ಸಾಲಿನಲ್ಲಿ ಅವನದೂ ಒಂದು ತಗಡಿನ ಅಂಗಡಿ.

"ಯಾಕೆ ಹಿಂಗೆ ನಡುಗ್ತಿದ್ದೀಯ? ಯಾರ ಮನೆಯವಳು ನೀನು?"

"ನಿಕಿಯೆಮಾ..." ಅವಳ ಹಲ್ಲು ಇನ್ನೂ ಕಟಕಟ ಅನ್ನುತ್ತಿತ್ತು. "ಅಜೇಟಾ ನಿಕಿಯೆಮಾ."

ಅವನ ಮುಖ ಹಬ್ಬದ ದಿನದಂತೆ ಅರಳಿತು.

"ಮೊಸ್ಸಿ! ಮೊದಲೇ ಹೇಳೋದಲ್ವಾ! ಸುಮ್ನೆ ಬ್ರೇಕ್ ಹಾಕಿ ಟಯರ್ ಸವೆಸಿದೆ. ನಾನು ಜೆರ್ಬೊ, ಸಿಯಾಕಾ ಜೆರ್ಬೊ. ನಿನ್ನ ಯಜಮಾನ! ಮಂಡಿಯೂರು, ಆಳೇ!"

ನಿಕಿಯೆಮಾ ಅನ್ನುವ ಹೆಸರು ಮೊಸ್ಸಿ ಕುಲದ್ದು, ಜೆರ್ಬೊ ಸಾಮೋ ಕುಲದ್ದು. ಮೊಸ್ಸಿಗಳಿಗೂ ಸಾಮೋಗಳಿಗೂ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಕಂಡಕೂಡಲೇ ಬೈಯಬೇಕು; ಬೈಸಿಕೊಂಡವರು ತಿರುಗಿ ಬೈಯಬೇಕು; ಕೋಪ ಮಾಡಿಕೊಂಡರೆ ಸೋತಹಾಗೆ. ಮೊಸ್ಸಿಗೆ 'ಆಳು' ಅನ್ನುವುದು, ಸಾಮೋಗೆ 'ನಾಯಿ ತಿನ್ನುವವ' ಅನ್ನುವುದು ಅದರ ಹಳೆಯ ಪಾಠ. ಸಾವಿನ ಮನೆಯಲ್ಲೂ ಈ ಬೈಗುಳ ನಿಲ್ಲುವುದಿಲ್ಲ. ಹಾಗೆಯೇ, ಈ ಇಬ್ಬರ ನಡುವೆ ಆಡಿದ ಮಾತಿಗೆ ತೂಕವೂ ಇಲ್ಲ.

ಅಜೇಟಾಳ ನಾಲಿಗೆ ಅವಳನ್ನು ಕೇಳದೆಯೇ ತಿರುಗಿತು.

"ನಾಯಿ ತಿನ್ನೋನೇ! ಮೊದಲು ಹಲ್ಲಲ್ಲಿ ಸಿಕ್ಕಿರೋ ಬಾಲ ತೆಗಿ, ಆಮೇಲೆ ಮಾತಾಡು!"

ಸಿಯಾಕಾ ಗಹಗಹಿಸಿ ನಕ್ಕ. ಅಜೇಟಾಳಿಗೂ ನಗು ಬಂತು... ಎದೆ ಇನ್ನೂ ಡವಡವ ಅನ್ನುತ್ತಿರುವಾಗಲೇ! ಹೆದರಿಕೆಯೂ ನಗುವೂ ಒಂದೇ ಮೈಯಲ್ಲಿ ಒಟ್ಟಿಗೆ ಇರಬಹುದು ಅಂತ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಸರಿ, ಏನು ಬೇಕು?"

ಅವಳು ತಲೆ ತಗ್ಗಿಸಿದಳು. ಹೇಳಲು ನಾಚಿಕೆ.

"ಸೈಕಲ್."

ಅವನು ನಗಲಿಲ್ಲ. ಅವಳ ಬಲಗಾಲು ನೋಡಿದ. ಅದು ಮಡಚದೆ ಕೋಲಿನಂತೆ ನೇರ ನಿಂತಿತ್ತು.

* * *

ಎರಡು ವರ್ಷದ ಹಿಂದೆ ನೂಲಿನ ಗಂಟು ಕಟ್ಟಿಕೊಂಡು ಮನೆಗೆ ಬರುವಾಗ ಅವಳ ಸೈಕಲ್ಲಿನ ಬ್ರೇಕ್ ಹಿಡಿಯಲಿಲ್ಲ. ಲಾರಿಯ ಚಕ್ರ ಎಷ್ಟು ದೊಡ್ಡದು ಅಂತ ಹತ್ತಿರದಿಂದ ನೋಡಿದವರಿಗೇ ಗೊತ್ತು. ಮೂಳೆ ಕೂಡಿತು, ಮಂಡಿ ಮಾತ್ರ ಬಿಗಿದುಕೊಂಡಿತು.

ಮಗ್ಗಕ್ಕೆ ಮಂಡಿ ಬೇಕು. ಬಟ್ಟೆ ನೇಯುವಾಗ ಕೆಳಗಿನ ಎರಡು ತುಳಿಗೋಲನ್ನು ಒಂದಾದ ಮೇಲೊಂದು ತುಳಿಯಬೇಕು. ಈಗ ಅಜೇಟಾ ತನ್ನ ಸೋದರತ್ತೆ ರಸ್ಮಾತಾಳ ನೇಯ್ಗೆ ಕೊಟ್ಟಿಗೆಯಲ್ಲಿ ಬರಿ ನೂಲು ಸುತ್ತುತ್ತ ಕೂರುತ್ತಿದ್ದಳು.

ಚಿಕಿತ್ಸಾಲಯದ ನರ್ಸ್ ಮೊನ್ನೆ ಸಿಡುಕಿದ್ದಳು: "ದಿನಾ ಸಂಜೆ ಸುಮ್ನೆ, ಮೆಲ್ಲಗೆ ಸೈಕಲ್ ತುಳಿ. ಈ ಚಳಿಗಾಲ ಬಿಟ್ರೆ ಮಂಡಿ ಇನ್ನು ಬಗ್ಗಲ್ಲ. ಆಮೇಲೆ ನನ್ನ ಮುಂದೆ ಅಳಬೇಡ."

ಮತ್ತೆ ಸೈಕಲ್! ಆ ಮಾತು ಕೇಳಿದಾಗಲೇ ಅವಳ ಅಂಗೈ ಬೆವೆತಿತ್ತು.

* * *

"ಅದು." ಅಜೇಟಾ ಬೆರಳು ತೋರಿಸಿದಳು. ಹೊಸದು, ಕೆಂಪು, ಗೇರು ಇರುವುದು. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಅದಾ? ನಿಮ್ಮ ಮೊಸ್ಸಿ ಬುದ್ಧಿ ನೋಡು! ಹೊಳೆದ್ರೆ ಸಾಕು, ಕೈ ಚಾಚ್ತೀರಿ. ಆ ಗೇರು ಎರಡು ತಿಂಗಳು ಧೂಳು ಕುಡಿದ್ರೆ ಕೆಮ್ಮೋಕೆ ಶುರು. ಟಯರ್ ನೋಡು, ನನ್ನ ಹೆಬ್ಬೆರಳಷ್ಟು ದಪ್ಪ ಇಲ್ಲ. ನಮ್ಮ ದಾರಿಯ ಮುಳ್ಳಿಗೆ ಅದು ತಿಂಡಿ."

"ಹಾಗಾದ್ರೆ ಅದು?" ಅವಳು ಪಕ್ಕದ ಇನ್ನೊಂದು ಸೈಕಲ್ ತೋರಿಸಿದಳು.

"ಅದರಲ್ಲಿ ಹಿಂದಕ್ಕೆ ತುಳಿದ್ರೆ ಬ್ರೇಕ್. ನಿನ್ನ ಮಂಡಿ ಹಿಂದಕ್ಕೆ ತುಳಿಯುತ್ತಾ?"

ಬ್ರೇಕ್ ಅನ್ನುವ ಮಾತಿಗೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಸಿಯಾಕಾ ಅಂಗಡಿಯ ಹಿಂದಿನಿಂದ ಒಂದು ಹಸಿರು ಸೈಕಲ್ ತಳ್ಳಿಕೊಂಡು ಬಂದ. ಫ್ರಾನ್ಸಿನಲ್ಲಿ ಯಾರೋ ಹಳೆಯದಾಯಿತು ಅಂತ ಬಿಸಾಕಿದ್ದು, ಹಡಗು ಹತ್ತಿ ಬಂದಿತ್ತು. ನಡುವಿನ ಕಂಬಿ ತಗ್ಗಿತ್ತು. ಕಾಲು ಎತ್ತದೆ ಹತ್ತಬಹುದು.

"ಉಕ್ಕು. ಮುರಿದ್ರೆ ಯಾವ ಹಳ್ಳೀಲಿ ಬೇಕಾದ್ರೂ ಬೆಸುಗೆ ಹಾಕ್ತಾರೆ. ಗೇರಿಲ್ಲ, ಕೆಡೋಕೆ ಏನೂ ಇಲ್ಲ. ಟಯರ್ ದಪ್ಪ. ಕೈ ಬ್ರೇಕ್, ಎರಡೂ ಚಕ್ರಕ್ಕೆ. ಸೀಟು ಇಷ್ಟು ಇಳಿಸ್ತೀನಿ. ಕೂತ್ಕೊಂಡೇ ಎರಡು ಪಾದ ನೆಲಕ್ಕೆ ಊರಬಹುದು. ಹೆದರಿದಾಗೆಲ್ಲ ಊರು. ಯಾರು ಕೇಳ್ತಾರೆ?"

"ಯಜಮಾನ ಕೇಳ್ತಾನೆ."

"ಅವನಿಗೆ ನಾಯಿ ಬೇಯಿಸೋ ಕೆಲಸ ಇದೆ. ಹೋಗು!"

ಬೆಲೆ ಕೆಂಪು ಸೈಕಲ್ಲಿನ ಅರ್ಧದಷ್ಟೂ ಇರಲಿಲ್ಲ. ಅದರ ಮೇಲೂ ಅವನು ಇಳಿಸಿದ. "ಆಳಿನ ಹತ್ತಿರ ಲಾಭ ತಗೊಂಡ್ರೆ ಅಜ್ಜ ಗೋರಿಯಿಂದ ಎದ್ದು ಬರ್ತಾನೆ" ಅಂದ.

* * *

ಸಂಜೆ ಸಂಜೆ ಶಾಲೆಯ ಹಿಂದಿನ ಕೊಯ್ಲಾದ ಜೋಳದ ಹೊಲದಲ್ಲಿ ಅವನು ಸೈಕಲ್ ಹಿಡಿದುಕೊಂಡು ಓಡುತ್ತಿದ್ದ, ಅವಳು ತುಳಿಯುತ್ತಿದ್ದಳು. ಮೊದಲ ದಿನ ಒಂದೇ ಸುತ್ತು. ಇಳಿದಾಗ ಅವಳ ಬೆನ್ನು ಪೂರ್ತಿ ಒದ್ದೆ.

"ಬಿಡಬೇಡ... ಬಿಡಬೇಡ ಸಿಯಾಕಾ!"

"ಬಿಡ್ತೀನಿ! ಬಿದ್ದು ಸಾಯಿ! ಒಬ್ಬ ಮೊಸ್ಸಿ ಕಮ್ಮಿಯಾದ್ರೆ ಜೋಳ ಅಗ್ಗ ಆಗುತ್ತೆ!"

ಆದರೆ ಅವನು ಬಿಡುತ್ತಿರಲಿಲ್ಲ.

ಹೆದರಿಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದಾಗಲೇ ಸಂಜೆಯ ನೆನಪಾಗಿ ಎದೆ ಹಿಂಡುತ್ತಿತ್ತು. ಲಾರಿಯ ಸದ್ದು ದೂರದಲ್ಲಿ ಕೇಳಿದರೂ ಎರಡು ಪಾದ ನೆಲಕ್ಕೆ ಊರಿಬಿಡುತ್ತಿದ್ದಳು. ಆದರೂ ಹೋಗುತ್ತಿದ್ದಳು. ಯಾಕೆ ಹೋಗ್ತೀನಿ? ಮಂಡಿಗೆ. ಮಂಡಿಗೆ ಮಾತ್ರವಾ?

ಆ ಪ್ರಶ್ನೆಯೂ ಅವಳನ್ನು ಹೆದರಿಸಿತು.

ಒಂದು ಸಂಜೆ ಅವಳು ತಾನೇ ಹೊಲ ಸುತ್ತಿ ಬಂದು ನಿಂತಳು. ಮಂಡಿ ಮಡಚಿತ್ತು! ಪೂರ್ತಿ ಅಲ್ಲ, ಆದರೂ ಮಡಚಿತ್ತು! ಹಿಂದೆಯೇ ಓಡಿ ಬಂದ ಸಿಯಾಕಾ ತನ್ನ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ.

"ಅಜೇಟಾ."

"ಏನು, ನಾಯಿ ತಿನ್ನೋನೇ?"

"ನಾನು ನಿನ್ನ ಮದುವೆ ಆಗ್ತೀನಿ."

ಅವಳು ಜೋರಾಗಿ ನಕ್ಕಳು. ನಗಲೇಬೇಕಲ್ಲ! ಎದುರಿಗೆ ಸಿಕ್ಕ ಮೊಸ್ಸಿ ಹೆಂಗಸರನ್ನೆಲ್ಲ "ನನ್ನ ಹೆಂಡ್ತಿ" ಅಂತ ಕರೆಯುವುದು ಸಾಮೋಗಳ ಹಳೆಯ ತಮಾಷೆ.

"ಹೆಣ್ಣಿಗೆ ತೆರ ಏನು ಕೊಡ್ತೀಯ? ಮೂರು ನಾಯೀನಾ?"

ಅವನೂ ನಕ್ಕ. "ಎರಡು. ಒಂದು ದಾರೀಲೇ ತಿಂದೆ."

ಆದರೆ ಅವನ ನಗು ತಡವಾಗಿ ಬಂದಿತ್ತು... ಮನೆಗೆ ಹೋಗುವ ದಾರಿಯುದ್ದಕ್ಕೂ ಅಜೇಟಾ ಆ ತಡವನ್ನೇ ಯೋಚಿಸಿದಳು. ಮರುದಿನ ನೂಲು ಸುತ್ತುತ್ತ ಅತ್ತೆಯನ್ನು ಕೇಳಿದಳು.

ರಸ್ಮಾತಾ ಮಗ್ಗ ನಿಲ್ಲಿಸದೆ ಹೇಳಿದಳು: "ನನ್ನ ಮದುವೆ ದಿನಾನೇ ನಾಲ್ಕು ಜನ ಸಾಮೋ ಬಂದು 'ಇವಳು ನನ್ನ ಹೆಂಡ್ತಿ' ಅಂತ ಕಿತ್ತಾಡಿದ್ರು ಕಣೇ. ನಿಜ ಅಂದ್ಕೊಂಡ್ಯಾ? ಹುಚ್ಚಿ!"

ಹೌದು, ಹುಚ್ಚಿ. ಕುಂಟಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ? ಅವನಿಗೆ ಕನಿಕರ ಇರಬಹುದು... ಅಜೇಟಾ ನೂಲನ್ನು ಬಿಗಿಯಾಗಿ ಎಳೆದಳು. ಅದು ತುಂಡಾಯಿತು.

* * *

ಚಳಿಗಾಲದ ಒಣಗಾಳಿ ಧೂಳೆಬ್ಬಿಸುತ್ತಿದ್ದ ಒಂದು ಬೆಳಿಗ್ಗೆ ಅವಳು ಮೊದಲ ಸಲ ಒಬ್ಬಳೇ ಸೈಕಲ್ಲಿನಲ್ಲಿ ಕೊಟ್ಟಿಗೆಗೆ ಹೊರಟಳು. ದಾರಿ ಅವನ ಅಂಗಡಿಯ ಮುಂದೆಯೇ. ಅದರಾಚೆ ಕೆರೆ ಕಟ್ಟೆಯ ಇಳಿಜಾರು. ಇಳಿಜಾರಿನ ಕೊನೆಗೆ ಲಾರಿಗಳ ಹೆದ್ದಾರಿ.

ಅಂಗಡಿಯ ಮುಂದೆ ಹಾಲಿನವನೊಬ್ಬ ಹಣೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಒಂದು ಹಸಿರು ಸೈಕಲ್ ಮುರಿದು ಬಿದ್ದಿತ್ತು. ಬೇಕಂತಲೇ ಅವಳು ಅದನ್ನು ನೋಡಲಿಲ್ಲ. ಬಿದ್ದ ಸೈಕಲ್ ನೋಡಿದರೆ ತಾನೂ ಇಳಿದುಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಬೆಲ್ ಬಾರಿಸಿ ಮುಂದೆ ಸಾಗಿದಳು.

ಹಾಲಿನವನದೂ ಅವಳದೂ, ಆ ಎರಡು ಸೈಕಲ್‌ಗಳು ಒಂದೇ ಹಡಗಿನಲ್ಲಿ ಬಂದ ಜೋಡಿ. ಎರಡರಲ್ಲೂ ಮುಂದಿನ ಚಕ್ರ ಹಿಡಿಯುವ ಕವಲನ್ನು ಒಳಗೇ ತುಕ್ಕು ತಿಂದಿತ್ತು, ಬಂದರಿನಲ್ಲಿ ಯಾರೋ ಮೇಲೆ ಹೊಸ ಬಣ್ಣ ಬಳಿದಿದ್ದರು. ಸಿಯಾಕಾ ಬ್ರೇಕ್ ನೋಡಿದ್ದ, ಚೈನ್ ನೋಡಿದ್ದ, ಟಯರ್ ನೋಡಿದ್ದ. ಬಣ್ಣ ಕೆರೆದು ನೋಡಿರಲಿಲ್ಲ. ಮುರಿದ ಕವಲನ್ನು ಕೈಯಲ್ಲಿ ಹಿಡಿದು ಅವನು ಅದನ್ನು ಯೋಚಿಸುತ್ತಿರುವಾಗಲೇ ಬೆಲ್ ಕೇಳಿಸಿತು.

"ಅಜೇಟಾ! ನಿಲ್ಲು!"

ಅವಳು ತಿರುಗಿ ನೋಡಲಿಲ್ಲ. ಮುಗುಳ್ನಕ್ಕಳು. ಶುರುವಾಯಿತು ಇವನದು!

"ಇಳಿ! ಇಳಿಯೇ! ಮುರಿಯುತ್ತೆ ಅದು! ಸಾಯ್ತೀಯ!"

"ನಾನು ಸತ್ರೆ ಜೋಳ ಅಗ್ಗ ಆಗುತ್ತಲ್ಲ! ಹಿಡಿ ನೋಡೋಣ, ನಾಯಿ ಹೊಟ್ಟೆಯೋನೇ!"

ಅವಳು ಜೋರಾಗಿ ತುಳಿದಳು. ಎರಡು ವರ್ಷದಲ್ಲಿ ಮೊದಲ ಸಲ ಜೋರಾಗಿ! ಹಿಂದೆ ಅವನ ಬರಿಗಾಲಿನ ಸದ್ದು, ಕೂಗು. "ತಮಾಷೆ ಅಲ್ಲ! ಅಜ್ಜನಾಣೆ ತಮಾಷೆ ಅಲ್ಲ!" ಬೀದಿಯ ಎರಡೂ ಕಡೆ ಜನ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಸಾಮೋ ಮೊಸ್ಸಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ! ನೋಡಿ, ನೋಡಿ!

ಇಳಿಜಾರು ಶುರುವಾಯಿತು. ಗಾಳಿ ಕಿವಿಗೆ ಬಡಿಯಿತು. ಕೆಳಗೆ ಹತ್ತಿಯ ಮೂಟೆ ಹೇರಿದ ಲಾರಿಗಳು ಒಂದರ ಹಿಂದೆ ಒಂದು.

ಆಗ ಹಿಂದಿನ ಕೂಗು ನಿಂತಿತು. ಕಾಲಿನ ಸದ್ದೂ ಇಲ್ಲ. ಜನರ ನಗುವೂ ಇಲ್ಲ.

ಯಾಕೆ?

ಅಜೇಟಾ ತಿರುಗಿ ನೋಡಿದಳು.

ಸಿಯಾಕಾ ನಡುರಸ್ತೆಯಲ್ಲಿ ಮಂಡಿಯೂರಿದ್ದ. ಟೋಪಿ ಪಕ್ಕಕ್ಕೆ ಬಿದ್ದಿತ್ತು. ಎರಡು ಮೊಣಕೈ ನೆಲಕ್ಕೆ ಊರಿ, ಹಣೆಯನ್ನು ಧೂಳಿಗೆ ಹಚ್ಚಿ, ಮೊಸ್ಸಿ ದೊರೆಯ ಮುಂದೆ ಬಾಗುವ ಹಾಗೆ ಬಾಗಿದ್ದ... ಅವಳ ಕಡೆಗೆ.

ಸಾಮೋ ಮೊಸ್ಸಿಗೆ ಹಣೆ ಊರುವುದಾ? ಸತ್ತರೂ ಇಲ್ಲ. ತಮಾಷೆಗಂತೂ ಇಲ್ಲವೇ ಇಲ್ಲ!

ಎರಡೂ ಬ್ರೇಕ್ ಒಟ್ಟಿಗೆ ಒತ್ತಿದಳು. ಸೈಕಲ್ ಅಡ್ಡ ಜಾರಿತು, ಪಾದ ನೆಲ ಉಜ್ಜಿತು. ಹಿಡಿಯಿತು. ನಿಂತಿತು! ಹೆದ್ದಾರಿ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಲಾರಿಯ ಗಾಳಿ ಅವಳ ತಲೆಯ ಬಟ್ಟೆ ಹಾರಿಸಿಕೊಂಡು ಹೋಯಿತು.

ಸಿಯಾಕಾ ಓಡಿ ಬಂದ. ಮಾತಾಡಲಿಲ್ಲ. ಅವಳನ್ನು ಇಳಿಸಿ ಪಕ್ಕಕ್ಕೆ ಕೂರಿಸಿದ. ಸೈಕಲ್ಲಿನ ಮುಂದಿನ ಚಕ್ರವನ್ನು ಮೊಳದಷ್ಟು ಎತ್ತಿ ಕೈ ಬಿಟ್ಟ.

ಕಟಕ್.

ಕವಲು ಮುರಿದು ಚಕ್ರ ಉರುಳಿಕೊಂಡು ಹೆದ್ದಾರಿಗೆ ಹೋಯಿತು. ಲಾರಿಯೊಂದು ಅದರ ಮೇಲೆ ಹತ್ತಿ ಹೋದ ಸದ್ದಿಗೆ ಅಜೇಟಾ ಕಿವಿ ಮುಚ್ಚಿಕೊಂಡಳು.

"ನೀನು... ನೀನು ಕೂಗ್ತಾ ಇದ್ದೆ..." ಅವಳು ಬಿಕ್ಕಿದಳು. "ನಾನು ದಿನದ ಹಾಗೇ ತಮಾಷೆ ಅಂದ್ಕೊಂಡೆ. ನಿನ್ನ ಯಾವ ಮಾತು ನಿಜ, ಯಾವುದು ಸುಳ್ಳು? ನಂಗೆ ಹೆಂಗೆ ಗೊತ್ತಾಗ್ಬೇಕು ಸಿಯಾಕಾ?"

ಅವನ ಹಣೆಯ ಮೇಲೆ ಕೆಂಪು ಮಣ್ಣು ಹಾಗೇ ಇತ್ತು.

"ತಪ್ಪು ನಂದು. ಕ್ಷಮಿಸಿ ಅಕ್ಕಾ" ಅಂದ ಮೆಲ್ಲಗೆ.

ಅಕ್ಕಾ! ಬೈಗುಳವಲ್ಲ, ಹೊರಗಿನವರಿಗೆ ಕೊಡುವ ಮರ್ಯಾದೆ. ಲಾರಿಗಿಂತ ಆ ಮಾತು ಅವಳನ್ನು ಹೆದರಿಸಿತು.

* * *

ಅಜೇಟಾ ಮತ್ತೆ ನೂಲಿನ ಮುಂದೆ ಕೂತಳು. ಸೈಕಲ್ ಅವನ ಹತ್ತಿರವೇ ಉಳಿಯಿತು. ಅವನು ಬರಲಿಲ್ಲ. ಒಂದು ಬೈಗುಳವನ್ನೂ ಹೇಳಿ ಕಳಿಸಲಿಲ್ಲ. ಸಂತೆಯಲ್ಲಿ ಒಮ್ಮೆ ಎದುರಾದಾಗ ತಲೆ ತಗ್ಗಿಸಿ ದಾರಿ ಬಿಟ್ಟ. ಗುರುತಿಲ್ಲದ ಹೆಂಗಸಿಗೆ ಬಿಡುವ ಹಾಗೆ.

ಮುಗಿಯಿತಾ? ಹೆದರಿ ಹೆದರಿ ಅವನಿಗೆ ಭಾರವಾದೆನಾ?

ಮಂಡಿ ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು. ಬೆಳಿಗ್ಗೆ ಚಾಪೆಯಿಂದ ಏಳಲು ಗೋಡೆ ಹಿಡಿಯಬೇಕು.

"ಬೇರೆ ಅಂಗಡೀಲಿ ಬೇರೆ ಸೈಕಲ್ ತಗೊಳ್ಳೇ" ಅಂದಳು ರಸ್ಮಾತಾ.

"ಆಗಲ್ಲ ಅತ್ತೆ. ನೆನೆದ್ರೇ ಉಸಿರು ಕಟ್ಟುತ್ತೆ."

"ಹಂಗಾದ್ರೆ ಜೀವಮಾನ ಪೂರ್ತಿ ನೂಲು ಸುತ್ತು!" ಅತ್ತೆ ಗದರಿದಳು. ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

* * *

ಚಳಿ ಮುಗಿಯಲು ಬಂದಿತ್ತು. ಕೊಟ್ಟಿಗೆಯಲ್ಲಿ ಮಗ್ಗಗಳೆಲ್ಲ ಸದ್ದು ಮಾಡುತ್ತಿದ್ದಾಗ ಬಾಗಿಲಲ್ಲಿ ಸಿಯಾಕಾ ನಿಂತ. ಒಗೆದ ಅಂಗಿ ತೊಟ್ಟಿದ್ದ. ಒಂದು ಕೈಯಲ್ಲಿ ಹಸಿರು ಸೈಕಲ್, ಇನ್ನೊಂದರಲ್ಲಿ ಎಲೆ ಹೊದಿಸಿದ ಬುಟ್ಟಿ. ಬುಟ್ಟಿಯಲ್ಲಿ ಕೋಲಾ ಕಾಯಿ.

ಹೆಣ್ಣು ಕೇಳಲು ಬರುವವರು ತರುವುದು ಕೋಲಾ.

ರಸ್ಮಾತಾ ಮಗ್ಗ ಬಿಟ್ಟು ಎದ್ದಳು. "ಅಯ್ಯೋ ಬನ್ರೇ, ನೋಡ್ರೇ! ನಾಯಿ ತಿನ್ನೋನು ಕೋಲಾ ತಂದಿದಾನೆ! ಯಾರ ಅಂಗಡೀಲಿ ಕದ್ದೆಯೋ?"

ಕೊಟ್ಟಿಗೆ ತುಂಬ ನಗು. ಹೆಂಗಸೊಬ್ಬಳು ಬೊಗಳಿ ತೋರಿಸಿದಳು.

"ಅತ್ತೆ, ನಿಜವಾಗಿ ಬಂದಿದ್ದೀನಿ..." ಸಿಯಾಕಾ ಬಾಯಿ ತೆರೆದ.

"ನಿಜವಾಗಿಯಂತೆ! ನಿಮ್ಮಜ್ಜನೂ ನಮ್ಮಜ್ಜಿಗೆ ಹಿಂಗೇ ಹೇಳಿದ್ದ! ಕೂತ್ಕೋ ಅಳಿಯ, ಮೂಳೆ ತರಿಸ್ತೀನಿ!"

ನಗು ಇನ್ನೂ ಜೋರಾಯಿತು. ಅವನು ತಿರುಗಿ ಬೈಯಬೇಕಿತ್ತು. ಬೈಯಲಿಲ್ಲ.

ಅಜೇಟಾ ನೂಲು ಕೆಳಗಿಟ್ಟು ಅವನನ್ನೇ ನೋಡಿದಳು. ತಣ್ಣನೆಯ ಗಾಳಿಯಲ್ಲೂ ಅವನ ಮೇಲ್ದುಟಿಯಲ್ಲಿ ಬೆವರು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು, ನುಂಗಲು ಎಂಜಲಿಲ್ಲದೆ. ಬುಟ್ಟಿಯೊಳಗೆ ಕಾಯಿಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಟಕಟಕ ಅನ್ನುತ್ತಿದ್ದವು. ಅವನ ಪಾದ ನೆಲಕ್ಕೆ ಅಂಟಿಕೊಂಡಿತ್ತು.

ಇದೆಲ್ಲ ಅವಳಿಗೆ ಗೊತ್ತು. ಒಂದೊಂದೂ ಗೊತ್ತು! ತನ್ನ ಮೈಯಲ್ಲಿ ಎರಡು ವರ್ಷದಿಂದ ಮನೆ ಮಾಡಿಕೊಂಡಿರುವುದೇ ಅಲ್ಲಿ, ಅವನ ಮೈಯಲ್ಲಿ ನಿಂತಿದೆ.

"ಅತ್ತೆ, ನಗಬೇಡಿ."

"ಯಾಕೇ?"

"ಅವನು ಹೆದರಿದ್ದಾನೆ."

"ಹೆದರಿಕೆ? ಸಾಮೋಗಾ?"

"ತಮಾಷೆಗೆ ಬಂದೋನು ಹೆದರಲ್ಲ ಅತ್ತೆ. ನಂಗೆ ಬೇರೇನು ಗೊತ್ತಿಲ್ದೆ ಇದ್ರೂ ಹೆದರಿಕೆ ಗೊತ್ತು."

ಒಂದೊಂದೇ ಮಗ್ಗ ನಿಂತಿತು. ರಸ್ಮಾತಾ ಸಿಯಾಕಾನ ಮುಖವನ್ನು ಹತ್ತಿರದಿಂದ ನೋಡಿದಳು. ಅವಳ ನಗು ಮೆಲ್ಲಗೆ ಇಳಿದುಹೋಯಿತು. ಬುಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇದು ಅವಳ ಅಪ್ಪನ ಹತ್ತಿರ ಹೋಗಬೇಕು" ಅಂದಳು ಬೇರೆಯೇ ದನಿಯಲ್ಲಿ. "ಮೊದಲು ಅವಳನ್ನ ಕೇಳು."

ಅಜೇಟಾ ಗೋಡೆ ಹಿಡಿದು ಎದ್ದು, ಕಾಲೆಳೆಯುತ್ತ ಅಂಗಳಕ್ಕೆ ಬಂದಳು. ಅವನೂ ಬಂದ.

"ಆವತ್ತು ಹೊಲದಲ್ಲಿ ಹೇಳಿದ್ದು?"

"ನಿಜ."

"ಮತ್ತೆ ಯಾಕೆ ನಕ್ಕೆ?"

"ನೀನು ನಕ್ಕೆಯಲ್ಲ! ನಾನು ನಗದೆ ಇದ್ರೆ ನಿಂಗೆ ಗೊತ್ತಾಗಿಬಿಡ್ತಿತ್ತು."

"ಗೊತ್ತಾದ್ರೆ ಏನಾಗ್ತಿತ್ತು?"

"ನೀನು ಬೇಡ ಅಂದ್ರೆ? ತಮಾಷೆಗೆ ಬೇಡ ಅಂದ್ರೆ ತಡ್ಕೋಬಹುದು, ಅಜೇಟಾ..."

ಅವಳ ಕಣ್ಣು ತುಂಬಿತು. "ಸಂತೇಲಿ ತಲೆ ತಗ್ಗಿಸಿ ಹೋದೆಯಲ್ಲ. ನಂಗೆ ಎಷ್ಟು ಹೆದರಿಕೆಯಾಯ್ತು ಗೊತ್ತಾ? ಮುಗೀತು ಅಂದ್ಕೊಂಡೆ."

"ನಿನ್ನ ಮುಖ ನೋಡಿದ್ರೆ ಆ ಚಕ್ರ ಉರುಳಿಹೋಗಿದ್ದು ಕಾಣ್ತಿತ್ತು. ಇದನ್ನ ಸರಿ ಮಾಡದೆ ನಿನ್ನ ಹತ್ತಿರ ಬರಬಾರದು ಅಂತ..." ಅವನು ಸೈಕಲ್ ಮುಂದೆ ತಳ್ಳಿದ.

ಹೊಸ ಕವಲು. ಬಣ್ಣವಿಲ್ಲ, ಬರಿ ಕಪ್ಪು ಉಕ್ಕು.

"ಬಣ್ಣ ಹಾಕಿಲ್ಲ. ಒಳಗೇನಿದೆಯೋ ಮೇಲೂ ಅದೇ. ಎರಡು ಮೂಟೆ ಸಿಮೆಂಟು ಹೇರ್ಕೊಂಡು ದಿನಾ ನಾನೇ ಓಡಿಸಿ ನೋಡಿದ್ದೀನಿ. ಕೆರೆ ಇಳಿಜಾರಲ್ಲೂ. ನೀನು ನನ್ನ ಬೇಡ ಅಂದ್ರೂ ಇದು ನಿನ್ನದೇ. ಮಂಡಿ ಬಿಡಬೇಡ."

ಅಜೇಟಾ ಕವಲನ್ನು ಮುಟ್ಟಿದಳು. ಉಕ್ಕು ತಣ್ಣಗಿತ್ತು. ಕಿವಿಯೊಳಗೆ ಆ ಲಾರಿಯ ಸದ್ದು ಮತ್ತೆ ಎದ್ದಿತು... ಬೇಡ, ಒಳಗೆ ಹೋಗು, ನೂಲು ಸುತ್ತು, ಅಲ್ಲಿ ಏನೂ ಮುರಿಯುವುದಿಲ್ಲ.

ಅವಳು ಬಗ್ಗದ ಕಾಲನ್ನು ತಗ್ಗಿನ ಕಂಬಿಯಾಚೆ ಇಟ್ಟಳು. ಕೂತಳು. ಮಂಡಿ ಚುಚ್ಚಿತು, ಹಲ್ಲು ಕಚ್ಚಿದಳು, ತುಳಿದಳು. ಸೈಕಲ್ ಓಲಾಡುತ್ತ ಅಂಗಳ ದಾಟಿ ಬೀದಿಗೆ ಬಂತು. ಕೊಟ್ಟಿಗೆಯ ಬಾಗಿಲಲ್ಲಿ ಹೆಂಗಸರೆಲ್ಲ ಉಸಿರು ಹಿಡಿದು ನಿಂತಿದ್ದರು.

ಸಿಯಾಕಾ ಪಕ್ಕದಲ್ಲಿ ಓಡುತ್ತಿದ್ದ. ಸೈಕಲ್ ಮುಟ್ಟಲಿಲ್ಲ.

"ಅಜೇಟಾ... ಹೆದರಿಕೆ ಆಗ್ತಿದೆಯಾ?"

"ತುಂಬಾ!"

"ನಂಗೂ. ನೀನಿನ್ನೂ ಉತ್ತರ ಹೇಳಿಲ್ಲ!"

"ನಮ್ಮಪ್ಪನ ಮನೆಗೆ ದಾರಿ ಯಾವ ಕಡೆ, ಗೊತ್ತಾ?"

"ಗೊತ್ತು. ಎಡಕ್ಕೆ."

ಅಜೇಟಾ ಹ್ಯಾಂಡಲ್ ಎಡಕ್ಕೆ ತಿರುಗಿಸಿದಳು. ಸಿಯಾಕಾ ತಿರುವಿನಲ್ಲೇ ನಿಂತುಬಿಟ್ಟ.

"ಮತ್ತೆ ಯಾಕೋ ನಿಂತೆ? ಓಡು!"